ಆ ಸಂತೋಷ್ ಯಾರಾದ್ರೆ ನಮಗೇನು?

ಹೋದ ತಿಂಗಳು ಮಂಜು ಬಂದಿದ್ದ. ಇಂಜಿನಿಯರಿಂಗಿನಲ್ಲಿ ನನ್ನ ರೂಮ್‌ಮೇಟು, ಈಗ ಬೆಂಗಳೂರಲ್ಲಿ ಕೆಲಸ, ಎರಡು ವಾರಕ್ಕೆ ಅಂತ ಲಾಸ್ ಏಂಜಲೀಸಿಗೆ ಆನ್‌ಸೈಟು. ಶನಿವಾರ ಬೆಳಿಗ್ಗೆ ಉಪ್ಪಿಟ್ಟು ತಿಂತಾ "ಇವತ್ತು ಏನೇನು ನೋಡ್ಬೇಕು ಹೇಳು" ಅಂದೆ. ಹಾಲಿವುಡ್ ಬೋರ್ಡು, ಸಾಂಟಾ ಮೋನಿಕಾ ಬೀಚು, ಗ್ರಿಫಿತ್ ಅಬ್ಸರ್ವೇಟರಿ... ಬಂದವರೆಲ್ಲ ಕೊಡೋ ಪಟ್ಟಿನೇ. ಆಮೇಲೆ ಸ್ವಲ್ಪ ತಡೆದು, "ಲೋ, ಆ ಸತೋಶಿ ಮನೆ ಇಲ್ಲೇ ಎಲ್ಲೋ ಹತ್ರ ಅಲ್ವೇನೋ? ಮುಂದೆ ನಿಂತ್ಕೊಂಡು ಒಂದು ಫೋಟೋ ಹೊಡ್ಕೊಂಡು ಬಂದ್ಬಿಡೋಣ" ಅಂದ.

"ಆಗೋಲ್ಲ" ಅಂದೆ. ಅಂದ ರೀತಿಗೆ ಅವನು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದ. ಅಷ್ಟು ಜೋರಾಗಿ ಯಾಕಂದೆ ಅಂತ ನನಗೂ ಆಶ್ಚರ್ಯ ಆಯ್ತು. ಅವತ್ತಿಂದ ತಲೇಲಿ ಕೊರೀತಾ ಇರೋದನ್ನ ಇವತ್ತು ಇಲ್ಲಿ ಇಳಿಸ್ತಾ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ.

ನನಗೆ ಬಿಟ್‌ಕಾಯಿನ್ ಪರಿಚಯ ಆಗಿದ್ದು ಕೊನೇ ಸೆಮಿಸ್ಟರಿನ ಸೆಮಿನಾರಿನಲ್ಲಿ. ಒಂದು ವಾರ ನಿದ್ದೆಗೆಟ್ಟು, ಹ್ಯಾಶ್ ಅಂದ್ರೇನು, ಬ್ಲಾಕ್ ಅಂದ್ರೇನು, ಒಂದಕ್ಕೊಂದು ಹೇಗೆ ಸರಪಳಿ ಬೀಳುತ್ತೆ ಅಂತೆಲ್ಲ ಸ್ಲೈಡ್ ಮಾಡ್ಕೊಂಡು ಹೋಗಿದ್ದೆ. ಇಪ್ಪತ್ತು ನಿಮಿಷ ಬಡ್ಕೊಂಡ ಮೇಲೆ ಬಂದಿದ್ದು ಒಂದೇ ಪ್ರಶ್ನೆ: "ಯಾರ್ರೀ ಇದನ್ನ ಕಂಡುಹಿಡಿದೋರು?" ಸತೋಶಿ ನಕಾಮೊಟೊ ಅಂತ ಸರ್, ಆದರೆ ಅದು ನಿಜವಾದ ಹೆಸರೋ ಅಲ್ವೋ ಗೊತ್ತಿಲ್ಲ ಅಂದೆ. "ಯಾರು ಅಂತಾನೇ ಗೊತ್ತಿಲ್ದೆ ಸೆಮಿನಾರ್ ಕೊಡೋಕೆ ಬಂದ್ರಾ?" ಇಡೀ ಕ್ಲಾಸು ನಕ್ಕಿತು. ಮಂಜುನೂ ನಕ್ಕ.

ಅವತ್ತು ಶುರುವಾದ ಈ ಪ್ರಶ್ನೆ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಯಾರು, ಯಾರು, ಯಾರು? ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಜಗಳ ಆಡೋರು ಆಡಬಹುದು. ಈ ಪ್ರಶ್ನೆ ಕೇಳೋದನ್ನ ನಾವು ನಿಲ್ಲಿಸಬೇಕು. ಉತ್ತರ ಸಿಗಲ್ಲ ಅಂತಲ್ಲ. ಈ ಪ್ರಶ್ನೆಯಿಂದ ಕೆಲವು ಬಡಪಾಯಿಗಳಿಗೆ ನಿಜವಾಗ್ಲೂ ಏಟು ಬಿದ್ದಿದೆ, ಮತ್ತೆ ನೆನಪಿಟ್ಟುಕೊಳ್ಳಬೇಕಾದವರನ್ನ ನಾವು ಮರೆತಿದ್ದೀವಿ.

ವಿಷಯ ಗೊತ್ತಿಲ್ಲದವರಿಗೆ ಚುಟುಕಾಗಿ. 2008ರ ಅಕ್ಟೋಬರ್ 31. ಲೇಮನ್ ಬ್ರದರ್ಸ್ ದಿವಾಳಿ ಎದ್ದು ಒಂದೂವರೆ ತಿಂಗಳಾಗಿತ್ತು, ಬ್ಯಾಂಕುಗಳ ಹೆಸರು ಕೇಳಿದ್ರೆ ಜನ ಉರೀತಿದ್ದ ಕಾಲ. ಗೂಢಲಿಪಿ ವಿಷಯದಲ್ಲಿ ತಲೆ ಕೆಡಿಸ್ಕೊಂಡಿದ್ದ ಒಂದು ಸಣ್ಣ ಬಳಗಕ್ಕೆ ಸತೋಶಿ ನಕಾಮೊಟೊ ಅನ್ನೋ ಹೆಸರಲ್ಲಿ ಒಂದು ಪತ್ರ ಬಂತು, ಅದರ ಜೊತೆ ಒಂಬತ್ತು ಪುಟದ ಒಂದು ಪ್ರಬಂಧ. ಸಮಸ್ಯೆ ಹಳೇದು: ನೂರು ರೂಪಾಯಿ ನೋಟನ್ನ ಶೆಟ್ರ ಅಂಗಡೀಲಿ ಕೊಟ್ಟ ಮೇಲೆ ಅದೇ ನೋಟನ್ನ ಬೇಕರೀಲಿ ಕೊಡೋಕಾಗಲ್ಲ. ಆದರೆ ಕಂಪ್ಯೂಟರಿನಲ್ಲಿರೋ ದುಡ್ಡು ಬರೀ ಒಂದು ಫೈಲು, ಎಷ್ಟು ಕಾಪಿ ಬೇಕಾದ್ರೂ ಹೊಡೀಬಹುದು. ಅದಕ್ಕೇ ಮಧ್ಯೆ ಒಬ್ಬ ಬ್ಯಾಂಕಿನವನು ಲೆಕ್ಕದ ಪುಸ್ತಕ ಹಿಡ್ಕೊಂಡು ಕೂತಿರ್ಬೇಕು. ಸತೋಶಿ ಹೇಳಿದ್ದು, ಪುಸ್ತಕ ಒಬ್ಬನ ಹತ್ರ ಯಾಕಿರ್ಬೇಕು, ಎಲ್ಲರ ಹತ್ರನೂ ಇರಲಿ ಅಂತ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ. ಪುಟ ಸೇರಿಸೋ ಹಕ್ಕು ಬೇಕಾದ್ರೆ ಕಂಪ್ಯೂಟರಿಗೆ ಬೆವರು ಸುರಿಸಿ ಒಂದು ಲೆಕ್ಕ ಬಿಡಿಸ್ಬೇಕು, ಬಿಡಿಸಿದವನಿಗೆ ಹೊಸ ನಾಣ್ಯದ ಕೂಲಿ. ಹಳೇ ಪುಟ ತಿದ್ದಬೇಕು ಅಂದ್ರೆ ಅದರ ಮುಂದಿನ ಎಲ್ಲಾ ಪುಟದ ಬೆವರನ್ನೂ ಮತ್ತೆ ಸುರಿಸ್ಬೇಕು. ಅಷ್ಟೇ!

ಇದರಲ್ಲಿ ಸುಮಾರು ಸಾಮಾನು ಬೇರೆಯವರದ್ದು. ಆಡಂ ಬ್ಯಾಕ್ 1997ರಲ್ಲಿ ಹ್ಯಾಶ್‌ಕ್ಯಾಶ್ ಮಾಡಿದ್ರು, ವೇ ಡೈ 1998ರಲ್ಲಿ ಬಿ-ಮನಿ ಅಂತ ಬರೆದಿದ್ರು. ಸತೋಶಿ ಇಬ್ಬರನ್ನೂ ಪ್ರಬಂಧದಲ್ಲಿ ಹೆಸರಿಸಿದ್ದಾನೆ. ಬೇಳೆ, ಬೆಲ್ಲ, ಕಣಕ ಎಲ್ಲಾ ಮೊದಲೇ ಇತ್ತು, ಹೋಳಿಗೆ ತಟ್ಟಿದ್ದು ಇವನು. (ಅವನೋ, ಅವಳೋ, ನಾಲ್ಕು ಜನಾನೋ... ಬರೆಯೋ ಅನುಕೂಲಕ್ಕೆ ಅವನು ಅಂತಲೇ ಇಟ್ಕೊಳ್ತೀನಿ.)

ಬಳಗದವರೇನೂ ಕುಣಿದಾಡಲಿಲ್ಲ. ಡಿಜಿಟಲ್ ದುಡ್ಡಿನ ಕನಸು ಕಂಡು ಕೈಸುಟ್ಟುಕೊಂಡ ಜನ ಅವರು. ಡಿಜಿಕ್ಯಾಶ್ ಅನ್ನೋ ಕಂಪನಿ 1998ರಲ್ಲೇ ದಿವಾಳಿ ಆಗಿದ್ದನ್ನ ಕಣ್ಣಾರೆ ನೋಡಿದ್ರು. ಮೊದಲು ಬಂದ ಉತ್ತರವೇ, ಇದು ದೊಡ್ಡ ಮಟ್ಟಕ್ಕೆ ಏಗಲ್ಲ ಅಂತ. ಪರವಾಗಿಲ್ಲ, ಇದರಲ್ಲೇನೋ ಇದೆ ಅಂದ ಒಬ್ಬಿಬ್ಬರಲ್ಲಿ ಹ್ಯಾಲ್ ಫಿನ್ನಿ ಒಬ್ಬರು.

ಹ್ಯಾಲ್ ಫಿನ್ನಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನಗೆ ಈ ಇಡೀ ಕಥೇಲಿ ಇಷ್ಟದ ಮನುಷ್ಯ ಅವರೇ. ಕ್ಯಾಲಿಫೋರ್ನಿಯಾದವರು. ಪಿಜಿಪಿ ಅನ್ನೋ ಗೂಢಲಿಪಿ ತಂತ್ರಾಂಶ ಕಟ್ಟಿದ ಮೊದಮೊದಲಿನವರಲ್ಲಿ ಒಬ್ಬರು. ಆಗಲೇ ಐವತ್ತು ದಾಟಿತ್ತು. ಆ ವಯಸ್ಸಿಗೆ ಹೊಸದು ಅಂದ್ರೆ ಮೂಗು ಮುರಿಯೋರೇ ಹೆಚ್ಚು. ಇವರು ಹಾಗಲ್ಲ. 2009ರ ಜನವರಿ 3ರಂದು ಸತೋಶಿ ಮೊದಲ ಬ್ಲಾಕ್ ಮಾಡಿದ. ಅದರೊಳಗೆ ಬ್ಯಾಂಕುಗಳನ್ನ ಎರಡನೇ ಸಲ ಉಳಿಸೋಕೆ ಹೊರಟ ಬ್ರಿಟನ್ನಿನ ಹಣಕಾಸು ಮಂತ್ರಿ ಬಗ್ಗೆ ಅವತ್ತಿನ ಲಂಡನ್ ಟೈಮ್ಸ್ ಪತ್ರಿಕೆಯ ತಲೆಬರಹವನ್ನ ಸೇರಿಸಿಟ್ಟ. ಒಂದು ವಾರದೊಳಗೆ ತಂತ್ರಾಂಶ ಹೊರಗೆ ಬಿಟ್ಟ. ಹ್ಯಾಲ್ ಇಳಿಸ್ಕೊಂಡು ಓಡಿಸಿದರು. ಜನವರಿ 12ಕ್ಕೆ ಸತೋಶಿ ಪರೀಕ್ಷೆಗೆ ಅಂತ ಅವರಿಗೆ 10 ನಾಣ್ಯ ಕಳಿಸಿದ. ಒಬ್ಬರಿಂದ ಇನ್ನೊಬ್ಬರಿಗೆ ಹೋದ ಮೊದಲ ಬಿಟ್‌ಕಾಯಿನ್ ಅದೇ.

ಆಮೇಲೆ ಒಂದಷ್ಟು ದಿನ ಇಬ್ಬರೂ ಮಿಂಚಂಚೆಯಲ್ಲಿ ಮಾತಾಡಿದ್ದು ಹಣದ ಬಗ್ಗೆ ಅಲ್ಲ, ಕ್ರಾಂತಿ ಬಗ್ಗೆ ಅಲ್ಲ. ಬಗ್ ಬಗ್ಗೆ! ಇಲ್ಲಿ ಕ್ರ್ಯಾಶ್ ಆಗ್ತಿದೆ ಅಂತ ಇವರು, ಸರಿ ಮಾಡಿದ್ದೀನಿ ನೋಡಿ ಅಂತ ಅವನು. ನಮ್ಮ ಆಫೀಸಿನ ದಿನಚರಿ ಥರಾನೇ. ಆಮೇಲೆ ಹ್ಯಾಲ್ ಅದನ್ನ ನಿಲ್ಲಿಸಿಬಿಟ್ಟರು. ಯಾಕೆ ಗೊತ್ತಾ? ಕಂಪ್ಯೂಟರ್ ಬಿಸಿ ಆಗ್ತಿತ್ತು, ಫ್ಯಾನಿನ ಸದ್ದು ಕಿರಿಕಿರಿ ಆಗ್ತಿತ್ತು. ಒಂದು ಬ್ಲಾಕಿಗೆ 50 ನಾಣ್ಯ ಬರ್ತಿದ್ದ ಕಾಲ ಅದು. ಇದನ್ನ ಅವರೇ 2013ರಲ್ಲಿ ಬರೆದಿದ್ದಾರೆ. ಬರೆದಿದ್ದು ಹೇಗೆ ಅನ್ನೋದು ಇನ್ನೂ ದೊಡ್ಡ ವಿಷಯ. 2009ರಲ್ಲೇ ಅವರಿಗೆ ಎಎಲ್ಎಸ್ ಅನ್ನೋ ನರರೋಗ ಅಂತ ಗೊತ್ತಾಗಿತ್ತು. ದೂರ ದೂರ ಓಡ್ತಿದ್ದ ಮನುಷ್ಯ, 2013ರ ಹೊತ್ತಿಗೆ ಮೈ ಪೂರ್ತಿ ನಿಂತುಹೋಗಿತ್ತು. ಊಟಕ್ಕೊಂದು ನಳಿಕೆ, ಉಸಿರಿಗೊಂದು ನಳಿಕೆ. ಕಣ್ಣಿನ ಚಲನೆ ಹಿಡಿಯೋ ಯಂತ್ರದಲ್ಲಿ ಒಂದೊಂದೇ ಅಕ್ಷರ ಆರಿಸ್ತಾ ಬರೆದರು. ಆ ಸ್ಥಿತೀಲೂ ಪ್ರೋಗ್ರಾಮ್ ಮಾಡ್ತಿದ್ರು, ಹಿಂದಿನದಕ್ಕಿಂತ ಸುಮಾರು ಐವತ್ತು ಪಟ್ಟು ನಿಧಾನ ಅಂತ ಅವರದೇ ಅಂದಾಜು. ಮಾಡ್ತಿದ್ದಿದ್ದು ಬಿಟ್‌ಕಾಯಿನ್ ವ್ಯಾಲೆಟ್ ಭದ್ರತೆಯ ಕೆಲಸ! ಎರಡು ಮಾನಿಟರು, ಒಳ್ಳೇ ಕುರ್ಚಿ ಇಟ್ಕೊಂಡು ಸೋಮವಾರ ಬೆಳಿಗ್ಗೆ ಗೊಣಗೋ ನನ್ನಂಥವನಿಗೆ ಇದನ್ನ ಓದಿದಾಗ ಏನಾಗಿರ್ಬೇಡ.

ಇನ್ನುಳಿದವರ ಕಥೇನೂ ಕಮ್ಮಿಯಿಲ್ಲ. ಮಾರ್ಟಿ ಮಲ್ಮಿ ಅಂತ ಫಿನ್‌ಲೆಂಡಿನ ಒಬ್ಬ ಕಾಲೇಜು ಹುಡುಗ 2009ರಲ್ಲಿ ಬಂದು ಸೇರಿಕೊಂಡ. ಸತೋಶಿ ಅವನಿಗೆ, ನನಗೆ ಬರವಣಿಗೆ ಅಷ್ಟಾಗಿ ಬರಲ್ಲ, ಕೋಡ್ ಬರೆಯೋದೇ ಸರಿ, ಜನರಿಗೆ ಅರ್ಥ ಆಗೋ ಹಾಗೆ ನೀನು ಬರಿ ಅನ್ನೋ ಅರ್ಥದಲ್ಲಿ ಬರೆದ. ಆ ಹುಡುಗ 2009ರ ಅಕ್ಟೋಬರಿನಲ್ಲಿ 5,050 ನಾಣ್ಯಗಳನ್ನ 5 ಡಾಲರ್ 2 ಸೆಂಟಿಗೆ ಮಾರಿದ. ಆಗ ಬೆಲೆ ಕಟ್ಟೋದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಪುಣ್ಯಾತ್ಮ ಕರೆಂಟಿನ ಖರ್ಚು ಲೆಕ್ಕ ಹಾಕಿ ಡಾಲರಿಗೆ 1,309 ಅಂತ ದರ ಬರೆದಿಟ್ಟಿದ್ದ. 2010ರಲ್ಲಿ ಗ್ಯಾವಿನ್ ಆಂಡ್ರೆಸೆನ್ ಅನ್ನೋರು ಬಂದವರಿಗೆಲ್ಲ ತಲಾ 5 ನಾಣ್ಯ ಪುಕ್ಕಟೆ ಹಂಚೋಕೆ ಶುರುಮಾಡಿದರು. ಬೇಸಿಗೇಲಿ ನಮ್ಮೂರ ಬಸ್‌ಸ್ಟ್ಯಾಂಡ್ ಹತ್ರ ಅರವಟ್ಟಿಗೆ ಇಡ್ತಾರಲ್ಲ, ಹಾಗೆ. ಕುಡಿದವರಲ್ಲಿ ಎಷ್ಟು ಜನ ಲೋಟ ಎಸೆದು ಹೋದರೋ, ಈಗ ಎಷ್ಟು ಜನ ಹಾರ್ಡ್‌ಡಿಸ್ಕ್ ಹುಡುಕ್ತಾ ಅಳ್ತಿದ್ದಾರೋ! ಅದೇ ಮೇ 22ಕ್ಕೆ ಫ್ಲಾರಿಡಾದ ಲಾಸ್ಲೋ ಹಾನಿಯೆಜ್ 10,000 ನಾಣ್ಯ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡರು. ಇದು ಎಲ್ಲರಿಗೂ ಗೊತ್ತು, ನಗೋಕೆ ಹೇಳ್ತಾರೆ. ಆದರೆ ಅವತ್ತು ಯಾರೋ ಒಬ್ಬ ಅದಕ್ಕೆ ಊಟ ಕೊಟ್ಟಿದ್ದರಿಂದಲೇ ತಾನೆ ಅದು ದುಡ್ಡು ಅನ್ನಿಸಿಕೊಂಡಿದ್ದು? ಆ ಮಟ್ಟಿಗೆ ಲಾಸ್ಲೋ ಮೋಸ ಹೋದವರಲ್ಲ, ಬೋಣಿ ಮಾಡಿದವರು. ಗ್ರಾಫಿಕ್ಸ್ ಕಾರ್ಡಿನಲ್ಲಿ ನಾಣ್ಯ ಹೊಡೆಯೋ ದಾರಿ ಮೊದಲು ತೋರಿಸಿದವರಲ್ಲೂ ಅವರೇ ಮುಂದೆ. ಸತೋಶಿಗೆ ಈ ಪೈಪೋಟಿ ಅಷ್ಟು ಬೇಗ ಬೇಕಿರಲಿಲ್ಲ. ಸಾಧಾರಣ ಕಂಪ್ಯೂಟರ್ ಇಟ್ಟುಕೊಂಡಿರೋ ಹೊಸಬರೂ ಸೇರೋ ಹಾಗಿರಲಿ, ಆದಷ್ಟು ದಿನ ಮುಂದೂಡೋಣ ಅಂತ ಕೇಳಿಕೊಂಡಿದ್ದ. ಕೇಳಿಕೊಂಡಿದ್ದ, ಅಷ್ಟೇ. ಆಜ್ಞೆ ಮಾಡೋ ಕುರ್ಚಿ ಅಲ್ಲಿರಲಿಲ್ಲ.

ಸತೋಶಿಯನ್ನ ದೇವರು ಮಾಡೋರಿಗೆ ಒಂದು ಮಾತು. 2010ರ ಆಗಸ್ಟ್ 15ಕ್ಕೆ ಯಾರೋ ಒಬ್ಬ 184 ಶತಕೋಟಿ ಬಿಟ್‌ಕಾಯಿನ್ ಸೃಷ್ಟಿ ಮಾಡಿಬಿಟ್ಟ. ಒಟ್ಟು ಇರಬೇಕಾದ್ದೇ 2 ಕೋಟಿ 10 ಲಕ್ಷ! ಕಾರಣ ಏನು ಅಂದ್ರೆ ಇಂಟೀಜರ್ ಓವರ್‌ಫ್ಲೋ. ಎರಡು ದೊಡ್ಡ ಸಂಖ್ಯೆ ಕೂಡಿದ್ರೆ ಮೊತ್ತ ಜಾಗ ಸಾಲದೆ ಮೈನಸ್ಸಿಗೆ ತಿರುಗಿ, ತಪಾಸಣೆ ಕಣ್ಣಿಗೆ ಮಣ್ಣೆರಚುತ್ತೆ. ಎರಡನೇ ವರ್ಷದ ಹುಡುಗ ಮಾಡಿದ್ರೆ ಲ್ಯಾಬಿನಲ್ಲಿ ಬೈಸಿಕೊಳ್ಳೋ ತಪ್ಪು. ಬಳಗದಲ್ಲಿ ಜೆಫ್ ಗಾರ್ಜಿಕ್ ಇದನ್ನ ಗಮನಿಸಿ ಕೂಗು ಹಾಕಿದರು, ಕೆಲವೇ ಗಂಟೆಗಳಲ್ಲಿ ಸತೋಶಿ ತಿದ್ದಿದ ತಂತ್ರಾಂಶ ಬಿಟ್ಟ, ಜನ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಅದನ್ನ ಹಾಕ್ಕೊಂಡರು, ಸುಳ್ಳು ಪುಟ ಬಿದ್ದುಹೋಗಿ ಸರಿಯಾದ ಸರಪಳಿ ಮುಂದೆ ಹೋಯಿತು. ಅವತ್ತು ಅದನ್ನ ಉಳಿಸಿದ್ದು ಒಬ್ಬ ಮಹಾತ್ಮನಲ್ಲ, ಭಾನುವಾರದ ದಿನ ಎದ್ದು ಕೂತು ಕೆಲಸ ಮಾಡಿದ ಒಂದು ಹಿಡಿ ಜನ.

ಆಮೇಲೆ ಅವನು ಹೋದ. 2010ರ ಡಿಸೆಂಬರಿನಲ್ಲಿ ವಿಕಿಲೀಕ್ಸಿಗೆ ಬ್ಯಾಂಕು, ಕಾರ್ಡು ಎಲ್ಲಾ ಬಾಗಿಲು ಮುಚ್ಚಿದಾಗ ಬಳಗದಲ್ಲಿ ಕೆಲವರು ನಮ್ಮ ನಾಣ್ಯ ಬಳಸಲಿ, ಬರಲಿ ನೋಡೇಬಿಡೋಣ ಅಂದರು. ಬೇಡ, ಇದಿನ್ನೂ ಹಸುಗೂಸು, ಸಹಿಸಲ್ಲ ಅಂತ ಸತೋಶಿ ಬೇಡಿಕೊಂಡ. ಡಿಸೆಂಬರ್ 12ರ ನಂತರ ಎಲ್ಲರೆದುರು ಬರೆಯೋದು ನಿಲ್ಲಿಸಿದ. 2011ರ ಏಪ್ರಿಲಿನಲ್ಲಿ ಒಬ್ಬರಿಗೆ, ನಾನು ಬೇರೆ ಕೆಲಸಕ್ಕೆ ಹೋಗಿದ್ದೀನಿ, ಇದು ಗ್ಯಾವಿನ್ ಮತ್ತೆ ಉಳಿದವರ ಕೈಯಲ್ಲಿ ಚೆನ್ನಾಗಿದೆ ಅಂತ ಎರಡು ಸಾಲು. ಮೂರು ದಿನದ ನಂತರ ಗ್ಯಾವಿನ್‌ಗೂ ಒಂದು ಪತ್ರ. ಅದರಲ್ಲಿ ಅವನು ಕೇಳಿಕೊಂಡಿದ್ದೇನು ಅಂದ್ರೆ, ನನ್ನನ್ನ ನಿಗೂಢ ನೆರಳಿನ ಥರ ವರ್ಣಿಸಬೇಡಿ, ಪತ್ರಿಕೆಯವರು ಅದನ್ನೇ ಹಿಡ್ಕೊಂಡು ಕಳ್ಳದುಡ್ಡಿನ ಕಥೆ ಮಾಡ್ತಾರೆ, ಅದರ ಬದಲು ಕೆಲಸ ಮಾಡ್ತಿರೋ ಹುಡುಗರಿಗೆ ಹೆಸರು ಕೊಡಿ, ಅವರಿಗೆ ಹುರುಪು ಬರುತ್ತೆ ಅಂತ.

ನೋಡಿ, ಆ ಮನುಷ್ಯ ಬಿಟ್ಟುಹೋಗುವಾಗ ಕೇಳಿದ್ದು ಇದೊಂದನ್ನ. ನಾವು ಮಾಡಿದ್ದು ಪೂರ್ತಿ ಉಲ್ಟಾ.

2014ರ ಮಾರ್ಚಿನಲ್ಲಿ ನ್ಯೂಸ್‌ವೀಕ್ ಪತ್ರಿಕೆ ಸತೋಶಿ ಸಿಕ್ಕಿಬಿಟ್ಟ ಅಂತ ಮುಖಪುಟದಲ್ಲಿ ಸಾರಿತು. ನಕಾಮೊಟೊ ಅನ್ನೋ ಹೆಸರಿನ, ಅರವತ್ತು ದಾಟಿದ ಒಬ್ಬ ಇಂಜಿನಿಯರ್. ಲಾಸ್ ಏಂಜಲೀಸಿನ ಪೂರ್ವಕ್ಕಿರೋ ಒಂದು ಸಣ್ಣ ಊರು. ಅವರ ಪೂರ್ತಿ ಹೆಸರು, ಊರಿನ ಹೆಸರು ಎರಡನ್ನೂ ಬೇಕಂತಲೇ ಬರೀತಾ ಇಲ್ಲ. ಅವತ್ತು ಮನೆ ಮುಂದೆ ಕ್ಯಾಮೆರಾಗಳ ಸಂತೆ, ಅವರು ಒಬ್ಬ ವರದಿಗಾರನ ಕಾರು ಹತ್ತಿ ಹೊರಟರೆ ಹಿಂದೆ ಊರೆಲ್ಲ ಕಾರುಗಳ ದಂಡು. ನಾನಲ್ಲ, ನನಗೂ ಅದಕ್ಕೂ ಸಂಬಂಧ ಇಲ್ಲ ಅಂತ ಆ ಹಿರಿಯರು ಹೇಳ್ತಾನೇ ಇದ್ದರು. ಆಮೇಲೆ ಬಿಟ್‌ಕಾಯಿನ್ ಬಳಗದವರು ಪಾಪ ಅನ್ನಿಸಿ ಚಂದಾ ಎತ್ತಿ ಕೊಟ್ಟರು, ಅದೊಂದು ಸಮಾಧಾನ.

ಹ್ಯಾಲ್ ಫಿನ್ನಿಯವರೂ ಹಿಂದೆ ಅದೇ ಊರಲ್ಲಿ ಬಹಳ ವರ್ಷ ಇದ್ದವರು. ತಗೊಳ್ಳಿ, ಹುಡುಕಾಟ ಅವರ ಹಾಸಿಗೆ ತನಕ ಹೋಯಿತು. ಕಣ್ಣಲ್ಲೇ ಇಲ್ಲ ಅಂತ ಹೇಳಬೇಕಾದ ಸ್ಥಿತಿ. ಅದೇ ಸುಮಾರಿಗೆ ಯಾರೋ ಅವರ ಮನೆಯವರಿಗೆ 1,000 ಬಿಟ್‌ಕಾಯಿನ್ ಕೊಡಿ ಅಂತ ಬೆದರಿಕೆ ಹಾಕ್ತಿದ್ದರು. ಕೊಡದಿದ್ದಾಗ ಪೊಲೀಸರಿಗೆ ಸುಳ್ಳು ಫೋನು, ಇಲ್ಲಿ ಕೊಲೆ ಆಗಿದೆ ಅಂತ. ಬಂದೂಕು ಹಿಡಿದ ಪೊಲೀಸ್ ಪಡೆ ಬಂತು. ಉಸಿರಾಟದ ಯಂತ್ರದಲ್ಲಿದ್ದ ಮನುಷ್ಯನನ್ನ ಹೊರಗೆ ಹುಲ್ಲಿನ ಮೇಲೆ ತಂದು ಕಾಯಿಸಬೇಕಾಯ್ತು. 2014ರ ಆಗಸ್ಟ್ 28ಕ್ಕೆ ತೀರಿಕೊಂಡರು, 58 ವರ್ಷ.

2024ರ ಅಕ್ಟೋಬರಿನಲ್ಲಿ ಒಂದು ಸಾಕ್ಷ್ಯಚಿತ್ರ ಪೀಟರ್ ಟಾಡ್ ಅನ್ನೋ ಡೆವಲಪರ್ ಕಡೆ ಬೆರಳು ತೋರಿಸಿತು. ಅವರು ಅಲ್ಲಗಳೆದರು, ಜೀವಭಯದಿಂದ ಕೆಲಕಾಲ ತಲೆಮರೆಸಿಕೊಂಡರು. ನೂರಾರು ಕೋಟಿ ಡಾಲರ್ ಇವನ ಕೈಯಲ್ಲಿದೆ ಅಂತ ಒಬ್ಬ ಸಾಮಾನ್ಯ ಮನುಷ್ಯನ ಹಣೆ ಮೇಲೆ ಅಂಟಿಸೋದು ಅಂದ್ರೆ ಹುಡುಗಾಟನಾ ಸ್ವಾಮಿ?

ಈಗ ನನ್ನ ತಪ್ಪೊಪ್ಪಿಗೆ. ಇಲ್ಲಿಗೆ ಬಂದ ಹೊಸದರಲ್ಲಿ, 2022ರಲ್ಲಿ, ನಾನೂ ಆ ಊರಿಗೆ ಹೋಗಿದ್ದೆ. ಇನ್ನಿಬ್ಬರು ಸ್ನೇಹಿತರ ಜೊತೆ, ಸುಮ್ನೆ ತಮಾಷೆಗೆ. ಆ ಬೀದಿ ಇದೇ ಇರ್ಬೇಕು ಅಂತ ಒಂದು ಬೀದೀಲಿ ಕಾರನ್ನ ನಿಧಾನ ಮಾಡಿ, ಕಿಟಕಿ ಇಳಿಸಿ, ಫೋನ್ ಹಿಡ್ಕೊಂಡು ಮನೆಗಳನ್ನ ನೋಡ್ತಾ ಹೋದೆವು. ಅದೇ ಬೀದಿನೋ ಅಲ್ವೋ ಇವತ್ತಿಗೂ ನನಗೆ ಗೊತ್ತಿಲ್ಲ. ಕಸದ ಡಬ್ಬ ಎಳ್ಕೊಂಡು ಬರ್ತಿದ್ದ ಒಬ್ಬ ವಯಸ್ಸಾದ ಹೆಂಗಸು ನಿಂತು ನಮ್ಮನ್ನೇ ನೋಡಿದರು. ಬೈಲಿಲ್ಲ, ಏನೂ ಕೇಳಲಿಲ್ಲ. ಡಬ್ಬ ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕ್ಕೊಂಡರು. ಚಿಲಕ ಹಾಕಿದ ಸದ್ದು ಕಾರಿನ ತನಕ ಕೇಳಿಸಿತು. ಹಿಂದೆ ಬರುವಾಗ ಯಾರೂ ಮಾತಾಡಲಿಲ್ಲ. ಮಂಜುಗೆ ಅವತ್ತು ಅಷ್ಟು ಜೋರಾಗಿ ಆಗೋಲ್ಲ ಅಂದಿದ್ದು ಅವನಿಗಲ್ಲ ಅಂತ ಈಗ ಅನ್ನಿಸುತ್ತೆ.

ಇದಕ್ಕೆ ವಾದ ಇಲ್ಲ ಅಂತಲ್ಲ. ಗಟ್ಟಿ ವಾದ ಇರೋದು ಒಂದು: ಮೊದಲ ಒಂದೂವರೆ ವರ್ಷದಲ್ಲಿ ಅವನು ಹೊಡೆದ ನಾಣ್ಯಗಳು ಸುಮಾರು 11 ಲಕ್ಷ ಅಂತ ಸಂಶೋಧಕರ ಅಂದಾಜು. ಒಟ್ಟು ಬರಬಹುದಾದ್ದರಲ್ಲಿ ನೂರಕ್ಕೆ ಐದು. ಜನ ತಮ್ಮ ಉಳಿತಾಯ ಹಾಕಿರೋ ಜಾಗದಲ್ಲಿ ಅಷ್ಟು ದೊಡ್ಡ ಗಂಟು ಯಾರ ಕೈಯಲ್ಲಿದೆ ಅಂತ ಕೇಳೋದು ತಪ್ಪಾ? ತಪ್ಪಲ್ಲ. ಆದರೆ ಆ ಗಂಟು ಬಯಲಲ್ಲೇ ಇದೆ, ಪುಸ್ತಕ ಎಲ್ಲರ ಹತ್ರನೂ ಇದೆ. ಅದರಲ್ಲಿ ಒಂದು ನಾಣ್ಯ ಅಲುಗಾಡಿದ್ರೂ ಪ್ರಪಂಚಕ್ಕೆಲ್ಲ ಕೂಡಲೇ ಗೊತ್ತಾಗುತ್ತೆ. ಅವನ ಹೆಸರು ಗೊತ್ತಾದ ಮಾತ್ರಕ್ಕೆ ಅವನು ಮಾರೋದನ್ನ ಯಾರೂ ತಡೆಯೋಕಾಗಲ್ಲ. ಹೆಚ್ಚಂದ್ರೆ ಅವನ ಮನೆ ಮುಂದೆ ಬಂದೂಕು ಹಿಡ್ಕೊಂಡು ಒಬ್ಬ ಬಂದು ನಿಲ್ತಾನೆ.

ಕಳ್ಳನಲ್ಲದಿದ್ರೆ ಮುಖ ಯಾಕೆ ಮುಚ್ಚಿಕೊಳ್ಳಬೇಕು ಅಂತಾನೂ ಕೇಳ್ತಾರೆ. ಆಗಿನ ಗಾಳಿ ಹೇಗಿತ್ತು ನೋಡಿ. ಇ-ಗೋಲ್ಡ್ ಅನ್ನೋ ಡಿಜಿಟಲ್ ಚಿನ್ನದ ಕಂಪನಿ ನಡೆಸ್ತಿದ್ದವರಿಗೆ ಅಮೆರಿಕದ ಕೋರ್ಟು ಶಿಕ್ಷೆ ಕೊಟ್ಟಿದ್ದು 2008ರಲ್ಲಿ, ಸತೋಶಿ ಪ್ರಬಂಧ ಬಂದ ವರ್ಷವೇ. ಲಿಬರ್ಟಿ ಡಾಲರ್ ಅಂತ ಸ್ವಂತ ನಾಣ್ಯ ಟಂಕಿಸಿದವರು ತಪ್ಪಿತಸ್ಥರು ಅಂತ ತೀರ್ಪಾಗಿದ್ದು 2011ರ ಮಾರ್ಚಿನಲ್ಲಿ, ಅವನು ಕೊನೇ ಪತ್ರ ಬರೆಯೋಕೆ ಒಂದು ತಿಂಗಳ ಮುಂಚೆ. ಅದೇ ಕಾರಣ ಅಂತ ನಾನು ಹೇಳಲ್ಲ. ಮುಖ ಮುಚ್ಚಿಕೊಳ್ಳೋಕೆ ಕಳ್ಳನೇ ಆಗಿರಬೇಕಿಲ್ಲ ಅಂತಷ್ಟೇ ಹೇಳ್ತಿರೋದು.

ಇನ್ನು ಮುಖ ತೋರಿಸಿದವರ ವಿಷಯಕ್ಕೆ ಬರೋಣ. ನನ್ನ ಚಿಕ್ಕಪ್ಪ ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ ಮಾಡ್ತಾರೆ. ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗಲ್ಲ. ಮೂರು ವರ್ಷದ ಹಿಂದೆ ಅವರು ಯಾವುದೋ ಹೊಸ ಕಾಯಿನ್ ಅಂತ ಮೂರೂವರೆ ಲಕ್ಷ ಹಾಕಿದರು. ತುಮಕೂರಲ್ಲಿ ಒಂದು ಹೋಟೆಲಿನ ಹಾಲಿನಲ್ಲಿ ಮೀಟಿಂಗು, ಸೂಟು ಹಾಕಿದ ಹುಡುಗ, ಶಾಲು ಹೊದಿಸಿ ಸನ್ಮಾನ, ಮಧ್ಯಾಹ್ನ ಹೋಳಿಗೆ ಊಟ. ಆರು ತಿಂಗಳಿಗೆ ಹುಡುಗನೂ ಇಲ್ಲ, ಫೋನೂ ಇಲ್ಲ. ನನಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಇದು:

"ಅಲ್ಲ ಕಣೋ, ಆ ಬಿಟ್‌ಕಾಯಿನ್ ಮಾಡಿದನಲ್ಲ ಸಂತೋಷು, ಅವನ್ಯಾರು ಅಂತಾನೇ ಯಾರಿಗೂ ಗೊತ್ತಿಲ್ವಂತೆ. ಅದಕ್ಕೇ ಅದು ಬೇಡ ಅಂತ ಇದಕ್ಕೆ ಹಾಕ್ದೆ."

"ಸಂತೋಷ್ ಅಲ್ಲ ಚಿಕ್ಕಪ್ಪ, ಸತೋಶಿ."

"ಯಾವನೋ ಒಬ್ಬ. ಈ ಹುಡುಗ ಎದುರಿಗೆ ಬಂದು ನಿಂತು ಮಾತಾಡಿದನಪ್ಪಾ. ನೋಡೋಕೆ ಒಳ್ಳೇ ಮನೆತನದೋನ ಥರ ಇದ್ದ."

ಏನು ಹೇಳಲಿ? ಮುಖ ನೋಡಿ ಮಣೆ ಹಾಕೋದು ನಮ್ಮಲ್ಲಿ ಬೈಗುಳ, ಆದರೂ ಹಾಕ್ತೀವಿ. ಚಿಕ್ಕಪ್ಪ ಒಬ್ಬರೇ ಅಲ್ಲ. ಒನ್‌ಕಾಯಿನ್ ಅನ್ನೋ ಕಂಪನಿಯ ರುಜಾ ಇಗ್ನಾಟೋವಾ 2016ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ರಾಣಿ ಥರ ವೇದಿಕೆ ಹತ್ತಿ ಕೈಬೀಸಿದಳು. 2017ರಲ್ಲಿ ಮಾಯವಾದಳು, 2022ರಲ್ಲಿ ಅಮೆರಿಕದ ಎಫ್‌ಬಿಐ ಅವಳ ಹೆಸರನ್ನ ಹತ್ತು ಜನ ಮುಖ್ಯ ತಲೆಮರೆಸಿಕೊಂಡವರ ಪಟ್ಟಿಗೆ ಸೇರಿಸಿತು. ಎಫ್‌ಟಿಎಕ್ಸಿನ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್ ಮುಖ ಪತ್ರಿಕೆಗಳ ಮುಖಪುಟದಲ್ಲೇ ಇರ್ತಿತ್ತು, 2022ರ ನವೆಂಬರಿನಲ್ಲಿ ಕಂಪನಿ ಕುಸಿಯಿತು, 2024ರಲ್ಲಿ 25 ವರ್ಷ ಜೈಲು ಶಿಕ್ಷೆ ಆಯಿತು. ಇವರೆಲ್ಲರಿಗೂ ಮುಖ ಇತ್ತು, ಒಳಗಿನ ಲೆಕ್ಕದ ಪುಸ್ತಕ ಮಾತ್ರ ಯಾರಿಗೂ ಕಾಣ್ತಿರಲಿಲ್ಲ. ಸತೋಶಿಯದ್ದು ಇದರ ತದ್ವಿರುದ್ಧ. ಅದೇ ಸತೋಶಿ ಮಲ್ಮಿಗೆ ಬರೆದ ಪತ್ರಗಳು 2024ರಲ್ಲಿ ಹೊರಬಂದವು. ಒಂದು ಕಡೆ, ಇದನ್ನ ಹೂಡಿಕೆ ಅಂತ ಪರಿಗಣಿಸಿ ಅನ್ನೋ ಸಾಲನ್ನ ತೆಗೆದುಬಿಡು, ಹಾಗೆ ಹೇಳೋದು ಅಪಾಯ ಅಂತ ಬರೆದಿದ್ದಾನೆ. ತುಮಕೂರಿನ ಸೂಟು ಹುಡುಗ ಆ ಮಾತು ಹೇಳ್ತಿದ್ದನಾ?

ಆ ಪತ್ರಗಳು ಹೊರಬಂದಿದ್ದೂ ಈ ಹೆಸರಿನ ಜಗಳದಿಂದಲೇ. ಕ್ರೇಗ್ ರೈಟ್ ಅನ್ನೋ ಆಸ್ಟ್ರೇಲಿಯಾದ ಮನುಷ್ಯ 2016ರಿಂದ ನಾನೇ ಸತೋಶಿ ಅಂತ ಹೇಳ್ಕೊಂಡು ಓಡಾಡಿದರು. ಗ್ಯಾವಿನ್‌ರಂಥ ಗ್ಯಾವಿನ್ನೇ ಒಂದು ಸಲ ನಂಬಿ, ಆಮೇಲೆ ನಂಬಿದ್ದು ತಪ್ಪಾಯ್ತು ಅಂದರು. ಆ ಹೆಸರಿನ ಬಲದ ಮೇಲೆ ರೈಟ್ ಡೆವಲಪರುಗಳ ಮೇಲೆ ಕೇಸು ಹಾಕಿದರು, ಬಿಟ್ಟಿ ಕೆಲಸ ಮಾಡೋ ಹುಡುಗರನ್ನ ವಕೀಲರ ಬಾಗಿಲಿಗೆ ಅಲೆಸಿದರು. 2024ರ ಮಾರ್ಚ್ 14ಕ್ಕೆ ಲಂಡನ್ನಿನ ಹೈಕೋರ್ಟು ಇವರು ಸತೋಶಿ ಅಲ್ಲ ಅಂತ ಖಡಾಖಂಡಿತ ಹೇಳಿತು, ದಾಖಲೆಗಳಲ್ಲಿ ಭಾರೀ ನಕಲಿ ಇದೆ ಅಂತಾನೂ ಹೇಳಿತು. ಖಾಲಿ ಕುರ್ಚಿಗೆ ಸುಳ್ಳು ಹೇಳಿ ಕೂತವನೇ ಇಷ್ಟು ಗಲಾಟೆ ಮಾಡಬಹುದಾದ್ರೆ, ನಿಜವಾದವನೇ ಕೂತಿದ್ದಿದ್ರೆ ಏನಾಗ್ತಿತ್ತು? ಅವನು ಎದ್ದುಹೋಗಿದ್ದು ಬಿಟ್‌ಕಾಯಿನ್‌ಗೆ ಮಾಡಿದ ಕೊನೇ ಕೆಲಸ, ಬಹುಶಃ ಒಳ್ಳೇ ಕೆಲಸ ಅಂತ ನನ್ನ ನಂಬಿಕೆ. ನಮ್ಮಜ್ಜಿ ರಾಗಿ ಬೀಸುವಾಗ ಹೇಳ್ತಿದ್ದ ಪದಗಳನ್ನ ಕಟ್ಟಿದ್ದು ಯಾರು ಅಂತ ಯಾರಾದ್ರೂ ಡಿಟೆಕ್ಟಿವ್ ಇಟ್ಟು ಹುಡುಕಿಸಿದ್ರಾ?

ಅಂದಹಾಗೆ ನನ್ನ ಹತ್ರ ಈಗ ಬಿಟ್‌ಕಾಯಿನ್ ಇಲ್ಲ, ತಗೊಳ್ಳಿ ಅಂತಾನೂ ನಾನು ಹೇಳ್ತಿಲ್ಲ. ಬೆಂಗಳೂರಲ್ಲಿದ್ದಾಗ 2021ರಲ್ಲಿ ಒಂದಿಷ್ಟು ತಗೊಂಡು 2022ರಲ್ಲಿ ಹೆದರಿ ಮಾರಿದೆ. ಎಷ್ಟು ಹೋಯ್ತು ಅಂತ ಇಲ್ಲಿ ಬರೆಯಲ್ಲ, ಅಮ್ಮ ಈ ಬ್ಲಾಗ್ ಓದ್ತಾರೆ :-)

ಮಂಜುಗೆ ಇಷ್ಟೆಲ್ಲಾ ಕಾರಿನಲ್ಲಿ ಹೇಳ್ತಾ ಹೋದೆ. ಫ್ರೀವೇಯಲ್ಲಿ ಆ ಊರಿನ ದಾರಿ ಸೂಚಿಸೋ ಹಸಿರು ಬೋರ್ಡು ಬಂತು. ನಾನು ಏನೂ ಅನ್ನಲಿಲ್ಲ, ಅವನೂ ಬೋರ್ಡು ಓದಿದ ಹಾಗೆ ಕಾಣಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಲೋ, ಆ ಲಾಸ್ಲೋ ಪಿಜ್ಜಾ ಮೇಲೆ ಏನೇನು ಹಾಕಿಸ್ಕೊಂಡಿದ್ದ ಅಂತ ಗೊತ್ತಾ?" ಅಂದ. ಹಾಕಿಸಿಕೊಂಡಿದ್ದು ಗೊತ್ತಿಲ್ಲ, ಕೇಳಿದ್ದು ಗೊತ್ತು ಅಂದೆ. ಈರುಳ್ಳಿ, ಕ್ಯಾಪ್ಸಿಕಂ, ಅಣಬೆ, ಟೊಮೇಟೊ, ಸಾಸೇಜು, ಪೆಪ್ಪರೋನಿ ಇಂಥವು ಇಷ್ಟ, ಮೀನು ಗೀನು ಥರ ವಿಚಿತ್ರದ್ದೇನೂ ಬೇಡ ಅಂತ ಬರೆದಿದ್ದರು.

"ನಾನು ಶನಿವಾರ ನಾನ್‌ವೆಜ್ ತಿನ್ನಲ್ಲ ಕಣೋ," ಅಂದ ಮಂಜು. "ಈರುಳ್ಳಿ, ಕ್ಯಾಪ್ಸಿಕಂ, ಅಣಬೆ ಸಾಕು."

ಎರಡು ತಗೊಂಡ್ವಿ. ದುಡ್ಡು ಅವನೇ ಕೊಟ್ಟ, ಕಾರ್ಡಿನಲ್ಲಿ.